ಹಿನ್ನೀರಿನ ತಳದಲ್ಲಿ ಮೀನಿಗೊಂದು ಮನೆ

(ಬಳಗದ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಮಲೆನಾಡಿನವರ ಸಭೆಯಲ್ಲಿ ಬಾಗಲಕೋಟೆಯ ಮೀನಿನ ವಿಚಾರವೇಕೆ ಎಂಬ ಪ್ರಶ್ನೆ ಸಹಜವಾದುದು. ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಮೂರೂ ಹುಟ್ಟುವುದು ಸಹ್ಯಾದ್ರಿಯ ಮಡಿಲಲ್ಲಿ. ಖಾನಾಪುರ ತಾಲ್ಲೂಕಿನ ಕಣಕುಂಬಿಯ ಕಾಡಿನಲ್ಲಿ ಬಿದ್ದ ಮಳೆ ಬಾದಾಮಿ ಸೀಮೆಯ ಪಟ್ಟದಕಲ್ಲು, ಹುನಗುಂದ ಸೀಮೆಯ ಐಹೊಳೆಗಳನ್ನು ಹಾದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ನೀರಿನೊಡನೆ ಘಟ್ಟದ ಮಣ್ಣು ಕೆಳಗಿಳಿಯುತ್ತದೆ. ಮಳೆಗಾಲದಲ್ಲಿ ಮೀನು ನೀರಿಗೆದುರಾಗಿ ಮೇಲೇರುತ್ತದೆ. ಕನಿಷ್ಠ ಪಕ್ಷ ಏರುತ್ತಿತ್ತು. ಮಲಪ್ರಭೆಗೆ ನವಿಲುತೀರ್ಥದಲ್ಲಿ, ಘಟಪ್ರಭೆಗೆ ಹಿಡಕಲ್‌ನಲ್ಲಿ ಅಣೆಕಟ್ಟು ಎದ್ದ ಮೇಲೆ ಆ ದಾರಿ ಮುಚ್ಚಿತು. ಆದುದರಿಂದ ಬಯಲುಸೀಮೆಯ ಹಿನ್ನೀರಿನಲ್ಲಿ ಮೀನಿಗೆ ಏನಾಗುತ್ತಿದೆ ಎಂಬುದು ಘಟ್ಟದ ಮೇಲಿನವರಿಗೂ ಸಂಬಂಧಿಸಿದ ಸಂಗತಿಯೇ.

ಇಂದಿನ ವಿಷಯ ಒಂದು ಸಣ್ಣ ತಂತ್ರದ ಕುರಿತಾದುದು. ಜಲಾಶಯದ ತಳದಲ್ಲಿ ಮರದ ಕೊಂಬೆಗಳ ರಾಶಿ, ಕಲ್ಲಿನ ಗುಪ್ಪೆ, ಬಿದಿರಿನ ಗೂಡು ಮೊದಲಾದವುಗಳನ್ನು ಇಳಿಬಿಟ್ಟು, ಮೀನು ಅಲ್ಲಿ ಬಂದು ನೆಲೆಸುವಂತೆ ಮಾಡಿ, ಗಾಳ ಹಾಕುವವರಿಗೆ ಅನುಕೂಲ ಕಲ್ಪಿಸುವುದೇ ಆ ತಂತ್ರ. ಅಮೆರಿಕದಲ್ಲಿ ಇದು ಹಳೆಯ ಪದ್ಧತಿ. ಮಿಷಿಗನ್ ರಾಜ್ಯದ ಹಬ್ಸ್ ಮತ್ತು ಎಷ್‌ಮೇಯರ್ ಎಂಬ ವಿಜ್ಞಾನಿಗಳು 1938ರಲ್ಲಿಯೇ ಸರೋವರಗಳಲ್ಲಿ ಇಂತಹ ಪೊದೆಯಾಸರೆಗಳನ್ನು ನಿರ್ಮಿಸುವ ಬಗೆಯನ್ನು ವಿವರಿಸಿ ಪುಸ್ತಕ ಬರೆದಿದ್ದರು. ಹಬ್ಬ ಮುಗಿದ ಮೇಲೆ ಬಿಸಾಡಿದ ಕ್ರಿಸ್‌ಮಸ್ ಮರಗಳನ್ನು ಕಲ್ಲು ಕಟ್ಟಿ ಜಲಾಶಯಕ್ಕೆ ಇಳಿಸುವುದು ಇಂದಿಗೂ ಅಲ್ಲಿನ ಅನೇಕ ರಾಜ್ಯಗಳಲ್ಲಿ ನಡೆದಿದೆ. ಆಲಮಟ್ಟಿಯ ಹಿನ್ನೀರಿನಂತಹ ವಿಶಾಲ ಜಲರಾಶಿಯನ್ನು ಕಂಡವರಿಗೆ, ಇಲ್ಲಿಯೂ ಹೀಗೇಕೆ ಮಾಡಬಾರದು, ಪ್ರವಾಸಿಗರು ಬಂದಾರು, ನಾಲ್ಕು ಜನಕ್ಕೆ ಕೆಲಸ ಸಿಕ್ಕೀತು ಎಂದು ಅನ್ನಿಸುವುದು ಅಸಹಜವೇನಲ್ಲ. ಸಲಹೆ ಸರಳವಾಗಿದೆ, ಖರ್ಚೂ ಕಡಿಮೆ. ಆದರೆ ಆ ನೆಲದ, ಅಲ್ಲ, ಆ ನೀರಿನ ಸ್ವಭಾವವನ್ನು ತಿಳಿಯದೆ ಇದಕ್ಕೆ ಕೈಹಾಕಿದರೆ ಮೀನಿಗೂ ಕೇಡು, ಮೀನುಗಾರನಿಗೂ ಕೇಡು.

ಗಾಳದ ಮೀನುಬೇಟೆಯನ್ನು ಇಂಗ್ಲಿಷರು ತಂದ ಹವ್ಯಾಸವೆಂದು ಹಳಿಯುವ ಅಭ್ಯಾಸ ಪರಿಸರವಾದಿಗಳಲ್ಲಿ ಉಂಟು. ಅದು ಪೂರ್ತಿ ಸರಿಯಲ್ಲ. ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ‘ಮತ್ಸ್ಯವಿನೋದ’ವೆಂಬ ಭಾಗವೇ ಇದೆ. ಸುಮಾರು 35 ಬಗೆಯ ಮೀನುಗಳು, ಯಾವುದಕ್ಕೆ ಯಾವ ಆಹಾರ ಹಾಕಿ ಒಲಿಸಬೇಕು, ದಾರ ಹೇಗಿರಬೇಕು ಎಂಬ ವಿವರಗಳು ಅಲ್ಲಿವೆ. ಮೀನುಶಾಸ್ತ್ರಜ್ಞ ಸುಂದರಲಾಲ್ ಹೋರಾ 1951ರಲ್ಲಿ ಈ ಭಾಗವನ್ನು ವಿಜ್ಞಾನಿಗಳ ಗಮನಕ್ಕೆ ತಂದರು. ಮೀನನ್ನು ಒಂದೆಡೆಗೆ ಆಕರ್ಷಿಸಿ ಹಿಡಿಯುವ ಯೋಚನೆ ಈ ನಾಡಿಗೆ ಹೊಸದಲ್ಲವೆಂದಾಯಿತು. ಆದರೆ ಸೋಮೇಶ್ವರನ ಕಾಲದಲ್ಲಿ ಕೃಷ್ಣೆ ಹರಿಯುವ ನದಿಯಾಗಿತ್ತು.

ಈಗ ಅದು ಏನಾಗಿದೆ? ಆಲಮಟ್ಟಿ ಅಣೆಕಟ್ಟಿಗೆ 1964ರ ಮೇ ತಿಂಗಳಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟರು; 2006ರ ಆಗಸ್ಟ್‌ನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅದನ್ನು ನಾಡಿಗೆ ಅರ್ಪಿಸಿದರು. ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್, ಸಂಗ್ರಹ ಸಾಮರ್ಥ್ಯ ಸುಮಾರು 123 ಟಿಎಂಸಿ ಅಡಿ. ಕೆಳಗೆ ನಾರಾಯಣಪುರದ ಬಸವಸಾಗರವಿದೆ. ಅದರ ಹಿನ್ನೀರು ಕೂಡಲಸಂಗಮವನ್ನು ಮುಟ್ಟುತ್ತದೆ. ಬಸವಣ್ಣನವರ ಐಕ್ಯಸ್ಥಳವನ್ನು ನೀರಿನಿಂದ ಕಾಪಾಡಲು ಸುತ್ತಲೂ ಬಾವಿಯಂತೆ ಗೋಡೆ ಎಬ್ಬಿಸಿ, ಮೆಟ್ಟಿಲಿಳಿದು ದರ್ಶನ ಮಾಡುವಂತೆ ವ್ಯವಸ್ಥೆ ಮಾಡಬೇಕಾಯಿತು. ಎರಡೂ ಜಲಾಶಯಗಳು ಸೇರಿ ನೂರಕ್ಕೂ ಹೆಚ್ಚು ಹಳ್ಳಿಗಳನ್ನು ನುಂಗಿದವು. ಹಳೆಯ ಬಾಗಲಕೋಟೆಯ ತಗ್ಗಿನ ಭಾಗ ಘಟಪ್ರಭೆಯ ಹಿನ್ನೀರಿನ ಪಾಲಾಗಿ, ಜನ ನವನಗರಕ್ಕೆ ಹೋದರು.

ಹೋಗುವಾಗ ಬಾಗಿಲು, ತೊಲೆ, ಜಂತಿಗಳನ್ನು ಕಿತ್ತು ಒಯ್ದರು. ಉಳಿದದ್ದು ಕಲ್ಲು ಮತ್ತು ಮಣ್ಣಿನ ಗೋಡೆ, ಬಾವಿ, ಕಟ್ಟೆ, ಹಗೇವು. ಬಯಲುಸೀಮೆಯ ಮಾಳಿಗೆ ಮನೆಯ ಗೋಡೆ ಕೆಲವು ವರ್ಷ ನೀರಿನಲ್ಲಿ ನಿಂತರೆ ಮಣ್ಣು ಕರಗಿ, ಕಲ್ಲುಗಳು ಒಂದರ ಮೇಲೊಂದು ಕುಸಿದು ಗುಪ್ಪೆಯಾಗುತ್ತವೆ. ಆ ಸಂದುಗಳೇ ಮೀನಿಗೆ ಬೇಕಾದ ಮರೆ. ದೂರದ ದೇಶದಲ್ಲಿ ಹಣ ಸುರಿದು ನಿರ್ಮಿಸುವ ರಚನೆಯನ್ನು ಇಲ್ಲಿ ಜನ ತಮ್ಮ ಮನೆಗಳನ್ನೇ ಬಿಟ್ಟುಕೊಟ್ಟು ನಿರ್ಮಿಸಿದ್ದಾರೆ. ಹಿನ್ನೀರಿನ ತಳದಲ್ಲಿ ಮರೆಯ ಕೊರತೆಯೇ ಮೀನಿನ ಮುಖ್ಯ ಕೊರತೆ ಎಂದು ಹೇಳುವವರು ಇದನ್ನು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಾಗಾದರೆ ಕೊರತೆ ಎಲ್ಲಿದೆ? ಹೊಸ ಜಲಾಶಯ ತುಂಬಿದ ಮೊದಲ ಕೆಲವು ವರ್ಷ ಮೀನು ಸಮೃದ್ಧವಾಗಿರುತ್ತದೆ. ಮುಳುಗಿದ ಹೊಲದ ಗೊಬ್ಬರ, ಹುಲ್ಲು, ಎಲೆ ಕೊಳೆತು ನೀರಿಗೆ ಸಾರ ಬಿಡುತ್ತವೆ, ಹಾವಸೆ, ಸೂಕ್ಷ್ಮಜೀವಿ, ಹುಳು ಬೆಳೆಯುತ್ತವೆ, ಮೀನೂ ಬೆಳೆಯುತ್ತದೆ. ಆ ಸಾರ ತೀರಿದೊಡನೆ ಇಳುವರಿಯೂ ಇಳಿಯುತ್ತದೆ. ಇದು ಜಗತ್ತಿನ ಬಹುತೇಕ ಜಲಾಶಯಗಳ ಕಥೆ. ಎರಡನೆಯದು, ಮೊಟ್ಟೆಯಿಡುವ ತಾವಿನ ಪ್ರಶ್ನೆ. ಇಲಾಖೆಯವರು ಪ್ರತಿ ವರ್ಷ ಮರಿ ಬಿಡುವ ಕಾಟ್ಲಾ, ರೋಹು, ಮೃಗಾಲಗಳು ಗಂಗಾ ಕೊಳ್ಳದ ಮೀನುಗಳು. ಅವು ಮುಂಗಾರಿನ ಪ್ರವಾಹದಲ್ಲಿ, ಹರಿಯುವ ನೀರಿನಲ್ಲಿ ಮೊಟ್ಟೆ ಚೆಲ್ಲುತ್ತವೆ. ಆ ಮೊಟ್ಟೆಗಳು ಯಾವುದಕ್ಕೂ ಅಂಟದೆ ನೀರಿನಲ್ಲಿ ತೇಲುತ್ತ ಹೋಗುತ್ತವೆ. ಅವುಗಳ ವಂಶ ಬೆಳೆಯಲು ತಳದ ಕೊಂಬೆಯ ರಾಶಿಯಿಂದ ಏನೂ ಆಗದು. ಸಾಮಾನ್ಯ ಗೆಂಡೆಯ ಮೊಟ್ಟೆ ಅಂಟುವಂತಹದು, ಅದಕ್ಕೆ ಮುಳುಗಿದ ಗಿಡಗಂಟಿ ಬೇಕು. ಕುಚ್ಚು ಮೀನಿನ ಜಾತಿಯವು ದಡದ ಜೊಂಡಿನಲ್ಲಿ ಗೂಡು ಮಾಡಿ ಮರಿಗಳನ್ನು ಕಾಯುತ್ತವೆ. ಇವೆರಡಕ್ಕೂ ಬೇಕಾದುದು ದಡದಂಚಿನ ಆಳವಿಲ್ಲದ ನೀರು, ಮತ್ತು ಆ ನೀರು ಕೆಲವು ವಾರವಾದರೂ ಒಂದೇ ಮಟ್ಟದಲ್ಲಿ ನಿಲ್ಲುವುದು.

ಆಲಮಟ್ಟಿಯ ನೀರು ನಿಲ್ಲುವಂತಹದಲ್ಲ. ಆಗಸ್ಟ್‌ನಲ್ಲಿ 519.60 ಮೀಟರಿಗೆ ಏರಿದ ನೀರು ಕಾಲುವೆಗೆ, ವಿದ್ಯುತ್ತಿಗೆ, ಕುಡಿಯಲು ಹರಿದು ಬೇಸಿಗೆಯ ಕೊನೆಗೆ 10-12 ಮೀಟರ್ ಇಳಿಯಬಹುದು. ಸಮತಟ್ಟಾದ ಎರೆನೆಲದಲ್ಲಿ ಒಂದು ಮೀಟರ್ ಇಳಿದರೂ ನೀರಿನಂಚು ಬಹುದೂರ ಹಿಂದೆ ಸರಿಯುತ್ತದೆ. ಗೆಂಡೆ ವರ್ಷದ ಆರಂಭದ ತಿಂಗಳುಗಳಲ್ಲಿ ಗಿಡಕ್ಕೆ ಅಂಟಿಸಿದ ಮೊಟ್ಟೆ ವಾರದೊಳಗೆ ಬಿಸಿಲಿಗೆ ಬೀಳುವುದು ಹೀಗೆ. ಬೀಳಗಿ ಸೀಮೆಯ ಚಿಕ್ಕಸಂಗಮದ ಬಳಿ ನೀರು ಇಳಿದಾಗ ಕೆಸರಿನಂಚಿಗೆ ರಾಜಹಂಸಗಳು ಬಂದು ಮೇಯುವ ದೃಶ್ಯ ಮನೋಹರವಾದುದು. ಆದರೆ ಹಕ್ಕಿಗೆ ಅನುಕೂಲವಾದ ಆ ಇಳಿತವೇ ಮೀನಿನ ಮೊಟ್ಟೆಗೆ ಮೃತ್ಯು.

ರಚನೆ ಕಟ್ಟುವವರು ಸಿಲುಕುವ ಇಕ್ಕಟ್ಟು ಇಲ್ಲಿಯದೇ. 518 ಮೀಟರಿನ ಮಟ್ಟದಲ್ಲಿ ಕೊಂಬೆಯ ರಾಶಿ ಹಾಕಿದರೆ ಬೇಸಿಗೆಗೆ ಮುನ್ನವೇ ಅದು ಬಯಲಲ್ಲಿ ನಿಂತಿರುತ್ತದೆ. ಮೀನಿಗಲ್ಲ, ಒಲೆಗೆ ಉಪಯೋಗವಾಗುತ್ತದೆ. ಅಷ್ಟೇ ಅಲ್ಲ, ನೀರು ಹಿಂದೆ ಸರಿದ ನೆಲದಲ್ಲಿ ಜೋಳ, ಕಡಲೆ ಬಿತ್ತುವ ರೈತನ ಕುಂಟೆಗೆ ಅದು ತೊಡಕು. 509 ಮೀಟರಿನಲ್ಲಿ ಹಾಕಿದರೆ ಬೇಸಿಗೆಯಲ್ಲೂ ಬಹುಮಟ್ಟಿಗೆ ನೀರೊಳಗೇ ಇರುತ್ತದೆ, ನಿಜ. ಆದರೆ ಜಲಾಶಯ ತುಂಬಿದಾಗ ಅದು ಹತ್ತು ಮೀಟರ್ ಆಳದಲ್ಲಿ, ಕೆಂಪು ನೀರಿನಡಿಯಲ್ಲಿ, ಕತ್ತಲೆಯಲ್ಲಿರುತ್ತದೆ. ಬೆಳಕಿಲ್ಲದೆಡೆ ಹಾವಸೆ ಬೆಳೆಯದು, ಹಾವಸೆ ಇಲ್ಲದೆಡೆ ಮೇವಿಲ್ಲ.

ಮೇವಿನ ಈ ಮಾತು ಮುಖ್ಯವಾದುದು. ಮರೆ ಮತ್ತು ಮೇವು ಬೇರೆಬೇರೆ. ನೀರಿನಲ್ಲಿ ಮುಳುಗಿದ ಕಡ್ಡಿಯ ಮೇಲೆ ಬೆಳಕು ಬೀಳುವಷ್ಟು ದೂರ ಒಂದು ಲೋಳೆಯ ಪದರ ಬೆಳೆಯುತ್ತದೆ. ಪಾಚಿ, ಬ್ಯಾಕ್ಟೀರಿಯ, ಸೂಕ್ಷ್ಮಪ್ರಾಣಿಗಳ ಸಂಸಾರ ಅದು. ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯದಲ್ಲಿ ಪಿ. ಕೇಶವನಾಥ್ ಮತ್ತು ಸಂಗಡಿಗರು 1990ರ ದಶಕದ ಕೊನೆಯಿಂದ ಈ ಬಗ್ಗೆ ಸರಣಿ ಪ್ರಯೋಗಗಳನ್ನು ನಡೆಸಿದರು. ಕೊಳಗಳಲ್ಲಿ ಬಿದಿರಿನ ಗಳಗಳನ್ನು ನೆಟ್ಟಾಗ ಡೆಕ್ಕನ್ ಮಹಶೀರ್ ಮತ್ತು ತುಟಿಯಂಚು ಜಾಲರಿಯಂತಿರುವ ದೇಶೀ ಗೆಂಡೆಗಳೆರಡೂ ಬಿದಿರಿಲ್ಲದ ಕೊಳಗಳಿಗಿಂತ ಚೆನ್ನಾಗಿ ಬೆಳೆದವು. ಕಬ್ಬಿನ ಸಿಪ್ಪೆ, ಭತ್ತದ ಹುಲ್ಲುಗಳನ್ನೂ ಅಲ್ಲಿ ಪರೀಕ್ಷಿಸಲಾಯಿತು. ಮುಧೋಳ, ಜಮಖಂಡಿಗಳ ಸಕ್ಕರೆ ಕಾರ್ಖಾನೆಗಳಿರುವ ಜಿಲ್ಲೆಗೆ ಈ ಸಂಗತಿ ತಿಳಿದಿರಬೇಕಿತ್ತು. ಆದರೆ ಅವು ಹೆಚ್ಚು ಆಳವಿಲ್ಲದ, ಬೇಲಿಯೊಳಗಿನ ಕೊಳಗಳು. ಕೊಳದ ಫಲಿತಾಂಶವನ್ನು ಜಲಾಶಯಕ್ಕೆ ಹಾಗೆಯೇ ಎತ್ತಿಡುವುದು ಕೃಷಿ ವಿಜ್ಞಾನದಲ್ಲಿ ಅನೇಕ ಸಲ ನಡೆದಿರುವ ತಪ್ಪು. ಪ್ರಾಯೋಗಿಕ ತಾಕಿನ ಇಳುವರಿಯನ್ನು ಮಳೆಯಾಶ್ರಿತ ಹೊಲಕ್ಕೆ ಅನ್ವಯಿಸಿದಂತೆ.

ರಚನೆಯ ಬಳಿ ಮೀನು ಹೆಚ್ಚು ಸಿಕ್ಕಿತು ಎಂದ ಮಾತ್ರಕ್ಕೆ ಜಲಾಶಯದಲ್ಲಿ ಮೀನು ಹೆಚ್ಚಿತು ಎಂದಾಗದು. ಬನಶಂಕರಿಯ ಜಾತ್ರೆಗೆ ಲಕ್ಷ ಜನ ಸೇರಿದರೆ ಬಾದಾಮಿಯ ಜನಸಂಖ್ಯೆ ಬೆಳೆಯಿತೆಂದು ಯಾರೂ ಬರೆದುಕೊಳ್ಳುವುದಿಲ್ಲ. ಚದುರಿದ್ದ ಮೀನು ಒಂದೆಡೆ ಸೇರುತ್ತದೆ. ಸೇರಿದ್ದನ್ನು ಹಿಡಿಯುವುದು ಸುಲಭವಾಗುತ್ತದೆ. ಹಿಡಿದದ್ದು ಹೆಚ್ಚಿದಂತೆ ಕಂಡು, ಉಳಿದದ್ದು ಕಡಿಮೆಯಾಗುವುದು ತಡವಾಗಿ ಗೊತ್ತಾಗುತ್ತದೆ. ಈ ವಾದ ಮೀನುಶಾಸ್ತ್ರದಲ್ಲಿ ದಶಕಗಳಿಂದ ನಡೆದಿದೆ, ಪೂರ್ತಿ ತೀರ್ಮಾನವಾಗಿಲ್ಲ. ಆದರೆ ಮೀನನ್ನು ಮೊಟ್ಟೆಯಿಂದ ದೊಡ್ಡದಾಗುವವರೆಗೆ ಕಾಪಾಡದೆ ಕೇವಲ ಹಿಡಿಯುವ ತಾವು ಮಾಡಿದೆಡೆ ಸಂಖ್ಯೆ ಇಳಿಯುವುದರಲ್ಲಿ ಆಶ್ಚರ್ಯವೇನಿಲ್ಲ.

ಇನ್ನೊಂದು ವ್ಯತ್ಯಾಸವನ್ನು ಮರೆಯುವಂತಿಲ್ಲ. ಅಮೆರಿಕದ ಆ ಜಲಾಶಯಗಳಲ್ಲಿ ಬಹುಮಟ್ಟಿಗೆ ಗಾಳದವರೇ ಇದ್ದಾರೆ, ಬಲೆಯವರು ಕಡಿಮೆ. ಬಾಗಲಕೋಟೆಯ ಹಿನ್ನೀರಿನಲ್ಲಿ ಬಲೆಯೇ ಬದುಕು. ಅಂಬಿಗರ ಕುಟುಂಬಗಳೂ, ಹೊಲ ಮುಳುಗಿದ ಮೇಲೆ ಹರಿಗೋಲು ಹಿಡಿದವರೂ ಸಂಜೆ ಬಲೆ ಬಿಟ್ಟು ಬೆಳಗಿನ ಜಾವ ಎತ್ತುತ್ತಾರೆ. ನೀರಿನಡಿಯ ಮುಳ್ಳುಕೊಂಬೆ ಗಾಳದವನಿಗೆ ವರವಾದರೆ ಬಲೆಯವನಿಗೆ ಶಾಪ. ಒಂದು ರಾತ್ರಿಯಲ್ಲಿ ಹರಿದ ನೈಲಾನ್ ಬಲೆಯ ಬೆಲೆ ಹಲವು ದಿನಗಳ ದುಡಿಮೆ. ಕೊಂಬೆಗೆ ಸಿಕ್ಕಿ ಕಿತ್ತು ಉಳಿದ ಬಲೆಯ ತುಂಡು ಅಲ್ಲಿಯೇ ನಿಂತು, ಯಾರೂ ಎತ್ತದಿದ್ದರೂ, ವರ್ಷಗಟ್ಟಲೆ ಮೀನನ್ನೂ ಆಮೆಯನ್ನೂ ಕೊಲ್ಲುತ್ತಿರುತ್ತದೆ. ವಾರಾಂತ್ಯಕ್ಕೆ ಬರುವ ಹವ್ಯಾಸಿಯ ಸಂತೋಷಕ್ಕಾಗಿ, ಹೊಲವನ್ನು ಈಗಾಗಲೇ ಕಳೆದುಕೊಂಡವನು ಬಲೆಯನ್ನೂ ಕಳೆದುಕೊಳ್ಳಬೇಕೆ? ಈ ಪ್ರಶ್ನೆಯನ್ನು ಯೋಜನಾವರದಿಗಳಲ್ಲಿ ಯಾರೂ ಕೇಳುವುದಿಲ್ಲ.

ಹಾಗೆಂದು ಹವ್ಯಾಸಿಗಳನ್ನೆಲ್ಲ ಶತ್ರುಗಳೆಂದು ಭಾವಿಸುವುದೂ ತರವಲ್ಲ. ಕಾವೇರಿಯ ಗಾಳಿಬೋರೆಯ ಶಿಬಿರದಲ್ಲಿ ಹಿಡಿದ ಮಹಶೀರ್ ಮೀನನ್ನು ಅಳೆದು, ತೂಗಿ, ಮರಳಿ ನೀರಿಗೆ ಬಿಡುತ್ತಿದ್ದರು, ಪುಸ್ತಕದಲ್ಲಿ ಬರೆದಿಡುತ್ತಿದ್ದರು. 1998ರಿಂದ 2012ರವರೆಗಿನ ಆ ದಾಖಲೆಗಳನ್ನು ಪಿಂಡರ್, ರಾಘವನ್ ಮತ್ತು ಬ್ರಿಟನ್ ಎಂಬ ವಿಜ್ಞಾನಿಗಳು ಪರಿಶೀಲಿಸಿದಾಗ, ಕಾವೇರಿಗೇ ಸೀಮಿತವಾದ ಗೂನುಬೆನ್ನಿನ ಮಹಶೀರ್ ಕುಸಿಯುತ್ತ ಬಂದಿರುವುದೂ, ನೀಲಿ ರೆಕ್ಕೆಯ ಮಹಶೀರ್ ಏರುತ್ತ ಬಂದಿರುವುದೂ 2015ರಲ್ಲಿ ಬೆಳಕಿಗೆ ಬಂತು. ಆ ನೀಲಿ ರೆಕ್ಕೆಯದು ಕೃಷ್ಣಾ ಕೊಳ್ಳದ ಮೀನು. 1839ರಲ್ಲಿ ಸೈಕ್ಸ್ ಅದನ್ನು ವರ್ಣಿಸಿದ್ದು ಪುಣೆಯ ಬಳಿಯ ನದಿಯಿಂದ. ಲೋಣಾವಳದ ಮರಿಕೇಂದ್ರದಲ್ಲಿ ಬೆಳೆಸಿದ ಮರಿಗಳು ಸದುದ್ದೇಶದಿಂದಲೇ ದೇಶದ ನಾನಾ ನದಿಗಳನ್ನು ಸೇರಿದವು. ಗೂನುಬೆನ್ನಿನ ಮಹಶೀರ್ 2018ರಲ್ಲಿ ಅಳಿವಿನ ತೀವ್ರ ಅಪಾಯದಲ್ಲಿರುವ ಪಟ್ಟಿಗೆ ಸೇರಿತು. ಗಾಳದವರ ಪುಸ್ತಕವಿಲ್ಲದಿದ್ದರೆ ಈ ಕುಸಿತ ಇಷ್ಟು ಸ್ಪಷ್ಟವಾಗಿ ತಿಳಿಯುತ್ತಿರಲಿಲ್ಲ. ಅಲ್ಲಿ ನೀರಿನಡಿ ಯಾವ ಗೂಡನ್ನೂ ಕಟ್ಟಿರಲಿಲ್ಲ. ಕಾವೇರಿಯ ಬಂಡೆ, ಮಡುಗಳೇ ಸಾಕಾಗಿದ್ದವು.

ಬಾಂಗ್ಲಾದೇಶದ ಉದಾಹರಣೆ ಇನ್ನೊಂದು ದಾರಿಯನ್ನು ತೋರಿಸುತ್ತದೆ. ಅಲ್ಲಿನ ಜೌಗು ಸರೋವರಗಳಲ್ಲಿ ಕೊಂಬೆ, ಬಿದಿರುಗಳನ್ನು ರಾಶಿ ಹಾಕಿ, ಕೆಲವು ತಿಂಗಳ ನಂತರ ಸುತ್ತಲೂ ಬಲೆ ಹಾಕಿ ಒಮ್ಮೆಗೇ ಬಾಚುವ ಪದ್ಧತಿ ಹಳೆಯದು. ಅಸ್ಸಾಮಿನ ಬೀಲ್‌ಗಳಲ್ಲೂ, ಮಣಿಪುರದ ಲೋಕ್ತಕ್‌ನಲ್ಲಿ ತೇಲುಗಡ್ಡೆಗಳನ್ನು ಉಂಗುರವಾಗಿ ಕಟ್ಟಿಯೂ ಇದೇ ಉಪಾಯ ಮಾಡುತ್ತಿದ್ದರು. ಆದರೆ 2003ರಲ್ಲಿ ಶ್ರೀಮಂಗಲದ ಬಳಿಯ ಹೈಲ್ ಹಾವೊರ್ ಎಂಬ ಜೌಗಿನಲ್ಲಿ ಬೈಕ್ಕಾ ಬೀಲ್ ಎಂಬ ಭಾಗವನ್ನು ಊರವರ ಸಮಿತಿಗೆ ಒಪ್ಪಿಸಿ, ಅಲ್ಲಿ ಮೀನು ಹಿಡಿಯುವುದನ್ನೇ ಶಾಶ್ವತವಾಗಿ ನಿಲ್ಲಿಸಲಾಯಿತು. ಅಲ್ಲಿಯೂ ರಚನೆಗಳನ್ನು ಇಳಿಸಿದರು, ಆದರೆ ಹಿಡಿಯಲಿಕ್ಕಲ್ಲ, ಕದ್ದು ಬಲೆ ಎಳೆಯುವವರಿಗೆ ಅಡ್ಡಿಯಾಗಲೆಂದು. ಬೇಸಿಗೆಯಲ್ಲಿ ಅಲ್ಲಿ ಉಳಿದ ಮೀನು ಮಳೆಗಾಲದಲ್ಲಿ ಇಡೀ ಜೌಗಿಗೆ ಹರಡುತ್ತದೆ. ವಸ್ತು ಒಂದೇ, ಮುಳ್ಳುಕೊಂಬೆ. ಹಿಡಿಯುವ ತಾವಾಗಿಯೂ ಬಳಸಬಹುದು, ಹಿಡಿಯಬಾರದ ತಾವಾಗಿಯೂ ಬಳಸಬಹುದು. ಮಲೆನಾಡಿನವರಿಗೆ ಎರಡನೆಯದು ಹೊಸದಲ್ಲ. ಶೃಂಗೇರಿಯಲ್ಲಿ, ಶಿಶಿಲದಲ್ಲಿ ದೇವರ ಮೀನೆಂದು ಬಿಟ್ಟ ಮಡುಗಳು ಮಾಡುತ್ತಿರುವುದು ಇದನ್ನೇ.

ಈ ದೃಷ್ಟಿಯಿಂದ ನೋಡಿದರೆ ಬಾಗಲಕೋಟೆ ಸೀಮೆಯಲ್ಲಿ ಮಾಡಬಹುದಾದ ಕೆಲಸಗಳು ಕೆಲವಿವೆ. ಬಳ್ಳಾರಿ ಜಾಲಿಗೆ ಅಲ್ಲಿ ಬರವಿಲ್ಲ; ಅದರ ಕಟ್ಟಿಗೆ ಭಾರ, ಬಾಳಿಕೆಯೂ ಹೆಚ್ಚು. ಅದನ್ನು ಕಡಿದು, ಬೇಸಿಗೆಯಲ್ಲೂ ನೀರು ಉಳಿಯುವ ನದಿಯ ಮೂಲ ಪಾತ್ರದ ಮಡುಗಳಲ್ಲಿ ಇಳಿಸಿ, ಆ ತಾವಿಗೆ ಬಲೆಯೂ ಬೇಡ, ಗಾಳವೂ ಬೇಡ ಎಂದು ಮೀನುಗಾರರ ಸಹಕಾರ ಸಂಘಗಳೇ ನಿರ್ಣಯಿಸಬಹುದು. ಮೇವಿಗಾಗಿಯಾದರೆ ತಳದ ರಚನೆಗಿಂತ ತೇಲುವ ರಚನೆ ಮೇಲು. ಬಿದಿರಿನ ತೆಪ್ಪದಿಂದ ಕಬ್ಬಿನ ಸಿಪ್ಪೆಯ ಕಟ್ಟುಗಳನ್ನೋ ಜಾಲಿಯ ರೆಂಬೆಗಳನ್ನೋ ಎರಡು ಮೀಟರ್ ಕೆಳಗೆ ತೂಗುಬಿಟ್ಟರೆ, ನೀರು ಏರಿದಾಗ ಏರುತ್ತದೆ, ಇಳಿದಾಗ ಇಳಿಯುತ್ತದೆ, ಬೆಳಕು ಸದಾ ಸಿಗುತ್ತದೆ. ಬಯಲಿನ ಗಾಳಿಗೆ ಅದು ಕೊಚ್ಚಿಹೋಗದಂತೆ ಲಂಗರು ಬೇಕು. ಇಳಕಲ್ಲಿನ ಕೆಂಪು ಗ್ರಾನೈಟಿನ ಕಲ್ಲುಗಣಿಗಳ ಬಳಿ ಬಿದ್ದಿರುವ ತುಂಡುಗಳು ಅದಕ್ಕೆ ಸಾಕು. ಇಂತಹದನ್ನು ಮೊದಲು ಹತ್ತಾರು ತೆಪ್ಪಗಳಲ್ಲಿ, ಎರಡು ಮೂರು ವರ್ಷ, ತೆಪ್ಪವಿಲ್ಲದ ತಾವಿನೊಡನೆ ಹೋಲಿಸಿ ನೋಡಬೇಕು.

ಇಳಕಲ್ಲಿನ ಕಲ್ಲಿನ ವಿಷಯ ಬಂದುದರಿಂದ ಒಂದು ಎಚ್ಚರಿಕೆ. ಲಂಗರಿಗೆ ಬೇಕಾದುದು ಕೆಲವು ಕಲ್ಲು. ಮೀನಿನ ಗೂಡಿನ ಹೆಸರಿನಲ್ಲಿ ಗಣಿಯ ತ್ಯಾಜ್ಯವನ್ನೆಲ್ಲ ಲಾರಿಗಟ್ಟಲೆ ಹಿನ್ನೀರಿಗೆ ಸುರಿಯಲು ಬಾಗಿಲು ತೆರೆದರೆ, ಕಲ್ಲು ಕೊಯ್ಯುವ ಗರಗಸದ ಕೆಸರೂ ಅದರ ಹಿಂದೆಯೇ ಬರುತ್ತದೆ. ಆ ನಯವಾದ ಹುಡಿ ಮೀನಿನ ಕಿವಿರಿಗೂ ಮೊಟ್ಟೆಗೂ ಮಾರಕ. ಅಮೆರಿಕದ ಫ್ಲಾರಿಡಾದ ಕಡಲಿನಲ್ಲಿ 1972ರಲ್ಲಿ ಮೀನಿಗೆ ಆಸರೆಯೆಂದು ಸುಮಾರು ಇಪ್ಪತ್ತು ಲಕ್ಷ ಹಳೆಯ ಟಯರುಗಳನ್ನು ಮುಳುಗಿಸಿದರು. ಕಟ್ಟುಗಳು ಸಡಿಲಿ, ಟಯರುಗಳು ಅಲೆಗೆ ಉರುಳಿ ಪಕ್ಕದ ಹವಳದ ದಿಬ್ಬವನ್ನು ಹಾಳುಗೆಡವಿದವು. ಅವನ್ನು ಎತ್ತುವ ಕೆಲಸ ಮುಂದೆ ದಶಕಗಟ್ಟಲೆ ಎಳೆಯಿತು. ಕಸ ವಿಲೇವಾರಿಯೇ ಉದ್ದೇಶವಾಗಿ, ಮೀನು ನೆಪವಾದಾಗ ಹೀಗಾಗುತ್ತದೆ.

ಮಲಪ್ರಭೆಯ ವಿಷಯವೇ ಬೇರೆ. ಬಾದಾಮಿ ಸೀಮೆಯಲ್ಲಿ ಆ ನದಿಗೆ ಹೊಸ ಗೂಡು ಕಟ್ಟುವ ಮಾತಿಗಿಂತ, ಇದ್ದ ಮಡುಗಳನ್ನು ಉಳಿಸುವ ಮಾತು ಮೊದಲು ಬರಬೇಕು. ಮರಳು ಎತ್ತಿದ ತಾವಿನಲ್ಲಿ ಹೊಂಡ ಉಳಿಯುತ್ತದೆ, ಮಡು ಉಳಿಯುವುದಿಲ್ಲ. ದಡದ ಮತ್ತಿ, ನೇರಳೆ, ಹೊಂಗೆಗಳ ಬೇರು ನೀರೊಳಗೆ ಇಳಿದಿದ್ದರೆ ಅದಕ್ಕಿಂತ ಒಳ್ಳೆಯ ಮೀನಿನ ಮನೆಯನ್ನು ಯಾವ ಎಂಜಿನಿಯರನೂ ಕಟ್ಟಲಾರ.

ಕೊನೆಯದಾಗಿ, ತಡ ಮಾಡಲಾಗದ ಸಂಗತಿಯೊಂದಿದೆ. ಕೃಷ್ಣಾ ಎರಡನೆಯ ನ್ಯಾಯಾಧಿಕರಣವು 2010ರಲ್ಲಿ ಆಲಮಟ್ಟಿಯ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿತು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟವು ಇದಕ್ಕಾಗಿ ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ ರೂಪಾಯಿ ಪರಿಹಾರ ನೀಡಲು ತೀರ್ಮಾನಿಸಿತು. ಮುಳುಗಲಿರುವ ನೆಲ 75 ಸಾವಿರ ಎಕರೆಗೂ ಹೆಚ್ಚು. ಮಟ್ಟ ಏರಬೇಕೋ ಬೇಡವೋ ಎಂಬ ವಾದ ಬೇರೆ ಸಭೆಗಿರಲಿ. ಏರುವುದೇ ಆದರೆ, ಆ ನಾಲ್ಕೂವರೆ ಮೀಟರಿನ ಪಟ್ಟಿಯಲ್ಲಿ ನಿಂತಿರುವ ಜಾಲಿ, ಬೇವು, ಹುಣಸೆಗಳ ಗತಿಯೇನು? ಎಲ್ಲವನ್ನೂ ಬುಡಸಹಿತ ಕಡಿದು ಸಾಗಿಸುವುದು ಗುತ್ತಿಗೆದಾರರಿಗೆ ಪ್ರಿಯವಾದ ದಾರಿ. ದೋಣಿ ಹಾಯುವ, ಬಲೆ ಬಿಡುವ ತಾವುಗಳನ್ನು ಮಾತ್ರ ತೆರವುಗೊಳಿಸಿ, ಹಳ್ಳಗಳು ಬಂದು ಸೇರುವ ಮೂಲೆಗಳಲ್ಲಿ ಮರಗಳನ್ನು ಹಾಗೆಯೇ ನಿಲ್ಲಿಸಿದರೆ ನೀರುಕಾಗೆಗಳಿಗೆ ಕೂರಲು ಕೊಂಬೆಯೂ, ಮರಿಮೀನಿಗೆ ಮರೆಯೂ ಖರ್ಚಿಲ್ಲದೆ ಸಿಗುತ್ತವೆ. ಯಾವ ಮೂಲೆ, ಯಾವ ಮರ ಎಂದು ಗುರುತು ಹಾಕುವ ಕೆಲಸ ನೀರು ಬರುವ ಮುನ್ನ, ಬೇಸಿಗೆಯಲ್ಲಿ ಆಗಬೇಕು. ಆ ಹೊತ್ತಿಗೆ ಈಗಿನ ಹಿನ್ನೀರೂ ಇಳಿದು ಹಳೆಯ ಊರುಗಳ ಗೋಡೆ, ಬಾವಿಗಳು ಮೇಲೆ ಕಾಣುತ್ತವೆ. ಯಾವ ಗುಪ್ಪೆಯಲ್ಲಿ ಯಾವ ಮೀನು ನಿಲ್ಲುತ್ತದೆ, ಯಾವ ಬಾವಿಯ ಬಳಿ ಬಲೆ ಹರಿಯುತ್ತದೆ ಎಂಬುದು ಹರಿಗೋಲಿನವರಿಗೆ ಮನೆಮನೆಯ ಹೆಸರು ಹಿಡಿದು ಗೊತ್ತಿದೆ. ನಕ್ಷೆ ಬರೆಯಲು ಹೋಗುವವರು ಅವರನ್ನು ಮುಂದಿಟ್ಟುಕೊಂಡು ಹೋಗಬೇಕು.